ಕಟ್ಟೆ ನಮ್ಮದು, ಹೆಸರು ಯಾರದ್ದು?

ಅಮೆರಿಕದ ಸಿಯಾಟಲ್ ನಗರದಲ್ಲಿ ನಾವು ಕೆಲಸ ಮಾಡುವ ಜಾಗಕ್ಕೆ ಡೆನ್ನಿ ಟ್ರಯಾಂಗಲ್ ಅಂತ ಹೆಸರು. ಅಮೆಝಾನ್ ಕಂಪೆನಿಯ ಗಾಜಿನ ಗೋಳಗಳು ಇರುವುದು ಇಲ್ಲೇ. ಇಲ್ಲಿಂದ ಇಳಿಜಾರಿನಲ್ಲಿ ಸ್ವಲ್ಪ ನಡೆದರೆ ಪೈಕ್ ಪ್ಲೇಸ್ ಮಾರ್ಕೆಟ್ ಸಿಗುತ್ತದೆ. ಊರಿನಿಂದ ಯಾರು ಬಂದರೂ ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೆ. ಅಲ್ಲಿ ದೊಡ್ಡ ಮೀನನ್ನು ಒಬ್ಬ ಎಸೆದು ಇನ್ನೊಬ್ಬ ಹಿಡಿಯುತ್ತಾನೆ, ಜನ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮವರು ಮಾತ್ರ "ಇದೆಂತ ದೊಡ್ಡ ವಿಷಯ, ನಮ್ಮ ದಕ್ಕೆಯಲ್ಲಿ ಬುಟ್ಟಿಯನ್ನೇ ಎಸೆಯುತ್ತಾರಲ್ಲ" ಅಂತ ಮುಂದೆ ಹೋಗುತ್ತಾರೆ.

ಆ ಮಾರ್ಕೆಟಿನ ಮುಖ್ಯ ಬಾಗಿಲಲ್ಲಿ, ತಲೆ ಎತ್ತಿ ನೋಡಿದರೆ ಕಾಣುವ ಹಾಗೆ, ಐದು ಫಲಕಗಳ ಒಂದು ಚಿತ್ರ ಇದೆ. ಅಕಿ ಸೊಗಾಬೆ ಎಂಬ ಕಲಾವಿದೆ 1999ರಲ್ಲಿ ಮಾಡಿದ್ದು. ಒಂದು ಕಾಲದಲ್ಲಿ ಈ ಮಾರ್ಕೆಟಿನಲ್ಲಿ ಕೂತು ತರಕಾರಿ ಮಾರುತ್ತಿದ್ದ ಜಪಾನಿ ರೈತರ ನೆನಪಿಗೆ. ಅದರ ಅಡಿಯಿಂದ ದಿನಕ್ಕೆ ಸಾವಿರಾರು ಜನ ಹೋಗುತ್ತಾರೆ, ತಲೆ ಎತ್ತುವವರು ಕಡಿಮೆ. ನಾವೂ ಬಹಳ ದಿನ ಎತ್ತಿರಲಿಲ್ಲ. ಎತ್ತಿ ನೋಡಿ, ಆ ಕತೆ ಓದಿಕೊಂಡ ಮೇಲೆ, ಇದು ನಮ್ಮ ಊರಿನ ಮಾರ್ಕೆಟುಗಳ ಕತೆಯೂ ಹೌದಲ್ಲ ಅನ್ನಿಸಿತು. ಅದಕ್ಕೆ ಈ ಬರಹ.

ಪೈಕ್ ಪ್ಲೇಸ್ ಮಾರ್ಕೆಟ್ ಶುರುವಾದದ್ದು 1907ರ ಆಗಸ್ಟ್ 17ಕ್ಕೆ. ಆ ವರ್ಷ ನೀರುಳ್ಳಿ ಬೆಲೆ ಹತ್ತು ಪಟ್ಟು ಏರಿ ಜನ ರೊಚ್ಚಿಗೆದ್ದಿದ್ದರು. ದಲ್ಲಾಳಿಗಳನ್ನು ಬದಿಗಿಟ್ಟು ಬೆಳೆದವನೇ ಬಂದು ಮಾರಲಿ ಅಂತ ಥಾಮಸ್ ರೆವೆಲ್ ಎಂಬ ಕೌನ್ಸಿಲರ್ ಮಾರ್ಕೆಟ್ ಮಾಡಿಸಿದರು. ನೀರುಳ್ಳಿ ಬೆಲೆಗೆ ಸರಕಾರ ಅಲ್ಲಾಡುವುದು ನಮ್ಮಲ್ಲಿ ಮಾತ್ರ ಅಂತ ಯಾರೂ ತಿಳಿಯಬೇಡಿ. ಮೊದಲ ದಿನ ಬಂದ ಗಾಡಿಗಳು ಹತ್ತರ ಆಸುಪಾಸು. ಅವು ಬಂದಷ್ಟೇ ಬೇಗ ಖಾಲಿಯಾದವು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಟ್ಟೆಗಳಲ್ಲಿ ಹೆಚ್ಚಿನವು ಜಪಾನಿನಿಂದ ವಲಸೆ ಬಂದ ರೈತರ ಕೈಯಲ್ಲಿದ್ದವು. ಮೂರರಲ್ಲಿ ಎರಡು ಪಾಲು ಅನ್ನುವವರಿದ್ದಾರೆ, ಐದರಲ್ಲಿ ನಾಲ್ಕು ಅನ್ನುವವರೂ ಇದ್ದಾರೆ. ಸರೋವರದ ಆಚೆಯ ಬೆಲ್‌ವ್ಯೂ, ದಕ್ಷಿಣದ ವೈಟ್ ರಿವರ್ ಕಣಿವೆ, ಇಲ್ಲೆಲ್ಲ ಮರದ ಬೊಡ್ಡೆ ಕಿತ್ತು ಕಾಡನ್ನು ಗದ್ದೆ ಮಾಡಿದವರು ಅವರು.

ಆದರೆ ಆ ಗದ್ದೆ ಅವರ ಹೆಸರಿನಲ್ಲಿ ಇರಲಿಲ್ಲ. 1921ರಲ್ಲಿ ವಾಷಿಂಗ್ಟನ್ ರಾಜ್ಯ ಒಂದು ಕಾನೂನು ತಂದಿತು. ಅಮೆರಿಕದ ಪ್ರಜೆ ಆಗುವ ಹಕ್ಕು ಇಲ್ಲದ ಪರದೇಶಿಗಳು ಇಲ್ಲಿ ಜಮೀನು ಕೊಳ್ಳುವಂತಿಲ್ಲ, ಗೇಣಿಗೆ ಹಿಡಿಯುವಂತೆಯೂ ಇಲ್ಲ. ಜಪಾನಿಗಳಿಗೆ ಪ್ರಜೆ ಆಗುವ ಹಕ್ಕೇ ಇಲ್ಲ ಅಂತ ಮರುವರ್ಷ ಸುಪ್ರೀಂ ಕೋರ್ಟು ಹೇಳಿತು, ಟಕಾವೊ ಒಝಾವಾ ಎಂಬವರ ಕೇಸಿನಲ್ಲಿ. ಅಲ್ಲಿಗೆ ಎರಡೂ ಬಾಗಿಲು ಮುಚ್ಚಿತು. ಇಲ್ಲೇ ಹುಟ್ಟಿದ ಮಕ್ಕಳ ಹೆಸರಿಗೆ ಮಾಡಿಸುತ್ತಿದ್ದ ದಾರಿಯನ್ನೂ 1923ರಲ್ಲಿ ಬಿಗಿ ಮಾಡಿದರು. ಮತ್ತೆ ಉಳಿದದ್ದು ಒಂದೇ, ಯಾರಾದರೂ ಬಿಳಿಯ ಪರಿಚಯದವರ ಹೆಸರಿನಲ್ಲಿ ಕಾಗದ ಮಾಡಿಸಿ, ಸ್ವಂತ ಬೆವರಿನ ಗದ್ದೆಯಲ್ಲಿ ಲೆಕ್ಕಕ್ಕೆ ಮಾತ್ರ ಕೂಲಿಯಾಳಾಗಿ ಇರುವುದು.

ಇದನ್ನು ಓದುವಾಗ ಗಲ್ಫಿನಲ್ಲಿರುವ ನಮ್ಮ ಇಚ್ಚಂದಿರಿಗೆ ನಗು ಬರಬಹುದು. ದುಡ್ಡು ನಮ್ಮದು, ದುಡಿಮೆ ನಮ್ಮದು, ಲೈಸೆನ್ಸ್ ಮಾತ್ರ ಅರಬಿಯ ಹೆಸರಿನಲ್ಲಿ. ಗ್ರೋಸರಿ, ಕೆಫೆಟೇರಿಯ, ಟೈಲರ್ ಅಂಗಡಿ ಅಂತ ಎಷ್ಟು ಮನೆಯವರು ಇದನ್ನು ನೋಡಿಲ್ಲ? ಅರಬಿ ಒಳ್ಳೆಯವನಾದರೆ ಸರಿ. ಅವನು ಮರಣ ಹೊಂದಿ ಮಕ್ಕಳು ಬಂದ ಮೇಲೆ ಏನಾಯಿತು ಎಂಬುದನ್ನು ಬರೆದರೆ ಈ ಪತ್ರಿಕೆಯ ಒಂದು ವಿಶೇಷಾಂಕ ಆಗುತ್ತದೆ.

ಜಪಾನಿ ರೈತರ ಹತ್ತಿರ ಬರೋಣ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಯುದ್ಧದ ಹೆಸರಿನಲ್ಲಿ, ಪಶ್ಚಿಮ ಕರಾವಳಿಯಲ್ಲಿದ್ದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ತೆಗೆದುಕೊಳ್ಳಬಹುದಿತ್ತು. ಸಿಯಾಟಲಿನವರನ್ನು ಮೊದಲು ಪುಯಾಲಪ್ ಊರಿನ ಜಾತ್ರೆ ಮೈದಾನದಲ್ಲಿ ಇಟ್ಟು, ಆಮೇಲೆ ಐಡಾಹೊ ರಾಜ್ಯದ ಮಿನಿಡೋಕಾ ಮರುಭೂಮಿಗೆ ಸಾಗಿಸಿದರು. ಬೆಲ್‌ವ್ಯೂನವರು ಹೊರಟದ್ದು ಮೇ ತಿಂಗಳಲ್ಲಿ. ಗದ್ದೆಯಲ್ಲಿ ಸ್ಟ್ರಾಬೆರಿ ಹಣ್ಣಾಗುವ ಹೊತ್ತು. 1925ರಿಂದ ನಡೆಯುತ್ತಿದ್ದ ಆ ಊರಿನ ಸ್ಟ್ರಾಬೆರಿ ಹಬ್ಬ ಆ ವರ್ಷ ನಿಂತಿತು. ಬೆಳೆಯುವವರೇ ಇಲ್ಲದ ಮೇಲೆ ಹಬ್ಬ ಎಲ್ಲಿಂದ? ಪೈಕ್ ಪ್ಲೇಸಿನಲ್ಲಿ ಸಾಲು ಸಾಲು ಕಟ್ಟೆಗಳು ಖಾಲಿ ಬಿದ್ದವು. ಮಾರ್ಕೆಟ್ ಸೊರಗುತ್ತ ಹೋಗಿ, ಅರುವತ್ತರ ದಶಕದಲ್ಲಿ ಅದನ್ನು ಕೆಡವಿ ದೊಡ್ಡ ಕಟ್ಟಡಗಳನ್ನು ಎಬ್ಬಿಸುವ ಯೋಜನೆ ಬಂತು. ವಿಕ್ಟರ್ ಸ್ಟೈನ್‌ಬ್ರುಕ್ ಎಂಬ ಆರ್ಕಿಟೆಕ್ಟ್ ಜನರನ್ನು ಸೇರಿಸಿ ಹೋರಾಡಿ, 1971ರ ನವೆಂಬರಿನಲ್ಲಿ ಊರಿನ ಮತದಿಂದಲೇ ಅದನ್ನು ಉಳಿಸಿದರು. ಕಟ್ಟಡ ಉಳಿಯಿತು. ಅದರಲ್ಲಿ ಕೂತಿದ್ದವರು ಹೆಚ್ಚಿನವರು ವಾಪಸ್ ಬರಲೇ ಇಲ್ಲ.

ಯಾಕೆ ಬರಲಿಲ್ಲ ಎಂಬುದು ನಮಗೆ ಮುಖ್ಯ. ಬೆಲ್‌ವ್ಯೂನಲ್ಲಿ ಗದ್ದೆ ಹೆಚ್ಚಾಗಿ ಗೇಣಿಯದ್ದು, ಬಾಯಿಮಾತಿನದ್ದು, ಇಲ್ಲವೇ ಇನ್ನೊಬ್ಬರ ಹೆಸರಿನದ್ದು. ಮೂರು ವರ್ಷ ಕಳೆದು ಶಿಬಿರದಿಂದ ಬಿಟ್ಟಾಗ ಹೋಗಿ ನಿಲ್ಲುವ ಜಾಗವೇ ಇರಲಿಲ್ಲ. ತಿರುಗಿ ಬಂದದ್ದು ಕೆಲವೇ ಮನೆಯವರು. ಆದರೆ ಸಿಯಾಟಲಿನಿಂದ ದೋಣಿಯಲ್ಲಿ ಅರ್ಧ ಗಂಟೆ ದೂರದ ಬೇನ್‌ಬ್ರಿಜ್ ದ್ವೀಪದಲ್ಲಿ ಕತೆ ಸ್ವಲ್ಪ ಬೇರೆ. ಅಲ್ಲಿಂದ 1942ರ ಮಾರ್ಚ್ 30ಕ್ಕೆ 227 ಮಂದಿಯನ್ನು, ಎಲ್ಲರಿಗಿಂತ ಮೊದಲು, ಸಾಗಿಸಿದ್ದರು. ಆ ದ್ವೀಪದ ಸ್ಟ್ರಾಬೆರಿ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ಫಿಲಿಪ್ಪೀನಿನ ಕೆಲಸಗಾರರು ಯಜಮಾನರು ಇಲ್ಲದಾಗ ಕೆಲವು ತೋಟಗಳನ್ನು ನೋಡಿಕೊಂಡರು, ಬಂದಾಗ ಬಿಟ್ಟುಕೊಟ್ಟರು. ಅಲ್ಲಿನ ಪತ್ರಿಕೆಯ ಸಂಪಾದಕ ವಾಲ್ಟ್ ವುಡ್‌ವರ್ಡ್ ಶಿಬಿರದಿಂದಲೇ ಸುದ್ದಿ ತರಿಸಿ ಹಾಕುತ್ತಿದ್ದರು, ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾರ ಮದುವೆಯಾಯಿತು ಅಂತ. ಊರಿನವರು ಮರೆಯಬಾರದು ಅಂತ. ಆ ದ್ವೀಪಕ್ಕೆ ಬಹಳ ಮಂದಿ ತಿರುಗಿ ಬಂದರು. ಅಮಾನತ್ ಅಂತ ನಾವು ಹೇಳುವುದು ಇದನ್ನೇ ಅಲ್ಲವೇ?

ಇನ್ನು ಲೆಕ್ಕದ ಮಾತು. ನಾವು ಕಾಮರ್ಸ್ ಓದಿ ಬೇರೆಯವರ ಪುಸ್ತಕ ಬರೆದು ಹೊಟ್ಟೆ ಹೊರೆಯುವವರು, ಆದ್ದರಿಂದ ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ. 1948ರಲ್ಲಿ ಅಮೆರಿಕ ಸರಕಾರ ನಷ್ಟ ಪರಿಹಾರದ ಕಾನೂನು ಮಾಡಿತು. ಸುಮಾರು 26,000 ಅರ್ಜಿ ಬಂತು. ಕೇಳಿದ್ದು ಸುಮಾರು 14.8 ಕೋಟಿ ಡಾಲರ್. ಸಿಕ್ಕಿದ್ದು ಸುಮಾರು 3.7 ಕೋಟಿ. ರೂಪಾಯಿಗೆ ನಾಲ್ಕಾಣೆ. ಅದು ಕೂಡ 1942ರ ಬೆಲೆಯಲ್ಲಿ, ಬಡ್ಡಿ ಇಲ್ಲ. ಸರಕಾರ ಕೇಳಿದ್ದು ದಾಖಲೆ. ಆರು ದಿನದಲ್ಲಿ, ಹತ್ತು ದಿನದಲ್ಲಿ ಮನೆ ಬಿಟ್ಟವನ ಹತ್ತಿರ ರಶೀದಿ ಎಲ್ಲಿರುತ್ತದೆ? ತೆರಿಗೆ ಕಟ್ಟಿದ ದಾಖಲೆಯಾದರೂ ಇದ್ದೀತು ಅಂದರೆ, 1939ರಿಂದ 1942ರವರೆಗಿನ ಅವರ ರಿಟರ್ನುಗಳಲ್ಲಿ ಹೆಚ್ಚಿನವನ್ನು ತೆರಿಗೆ ಇಲಾಖೆಯೇ ಅಷ್ಟರಲ್ಲಿ ನಾಶ ಮಾಡಿತ್ತು. ಕಟ್ಟೆಯ ಹಿಂದೆ ಮೂವತ್ತು ವರ್ಷ ನಿಂತು ಗಳಿಸಿದ ಗಿರಾಕಿಯನ್ನು ನಮ್ಮ ಲೆಕ್ಕದಲ್ಲಿ 'ಗುಡ್‌ವಿಲ್' ಅನ್ನುತ್ತೇವೆ. ಅದಕ್ಕೆ ರಶೀದಿ ಎಲ್ಲಿಂದ ತರುವುದು? 1988ರಲ್ಲಿ ಸರಕಾರ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಅಷ್ಟು ಹೊತ್ತಿಗೆ ಆ ಕಟ್ಟೆಗಳಲ್ಲಿ ಕೂತಿದ್ದವರಲ್ಲಿ ಬಹುಪಾಲು ಜನ ಮಣ್ಣಾಗಿದ್ದರು.

ಈಗ ನಮ್ಮ ಊರು. ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ಎಲ್ಲರಿಗೂ ಗೊತ್ತು. 2020ರ ಏಪ್ರಿಲಿನಲ್ಲಿ, ಲಾಕ್‌ಡೌನಿನ ನಡುವೆ, ಅದನ್ನು ಮುಚ್ಚಿ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಹಾಕಿದರು. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಕೊನೆಗೆ ಹಳೆ ಕಟ್ಟಡ ನೆಲಸಮ ಆಯಿತು. ಲಾರಿ ಇದ್ದವನಿಗೆ ಬೈಕಂಪಾಡಿ ದೂರ ಅಲ್ಲ. ಆದರೆ ಕಟ್ಟಡದ ಹೊರಗೆ ಗೋಣಿ ಹಾಸಿ ಬಸಳೆ, ಹರಿವೆ, ನಿಂಬೆಹುಳಿ ಮಾರುತ್ತಿದ್ದವನ ಗಿರಾಕಿ ಹಂಪನಕಟ್ಟೆಯ ಬಸ್ಸು ಇಳಿದು ಬರುವವಳು. ಅವಳು ಕಾಲು ಕೆಜಿ ತೊಂಡೆಕಾಯಿಗೆ ಬೈಕಂಪಾಡಿಗೆ ಹೋಗುತ್ತಾಳೆಯೇ?

ಕಾಪುವಿನ ಮಾತೂ ಹೇಳದಿದ್ದರೆ ತಪ್ಪಾದೀತು. 2022ರ ಮಾರ್ಚಿನಲ್ಲಿ ಅಲ್ಲಿನ ಸುಗ್ಗಿ ಮಾರಿಪೂಜೆಗೆ ನಮ್ಮವರಿಗೆ ಅಂಗಡಿ ಇಲ್ಲ ಅಂದರು. ವರ್ಷಗಟ್ಟಲೆ ಹಾಕುತ್ತಿದ್ದವರಿಗೇ. ಸರಕಾರ 2002ರ ಧಾರ್ಮಿಕ ದತ್ತಿ ನಿಯಮ ತೋರಿಸಿತು. ಇಂಥಲ್ಲಿ ಕಾಗದ ಇದ್ದಿದ್ದರೆ ಏನು ಆಗುತ್ತಿತ್ತು ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಅಮೆರಿಕದ ಪ್ರಜೆ ಅಂತ ಕಾಗದ ಇದ್ದವರನ್ನೂ 1942ರಲ್ಲಿ ರೈಲು ಹತ್ತಿಸಿದರು. ಎಬ್ಬಿಸುವುದನ್ನು ಕಾಗದ ಎಲ್ಲ ಸಲ ತಡೆಯುವುದಿಲ್ಲ. ಆದರೆ ತಿರುಗಿ ಬರಲಿಕ್ಕೆ, ಕೋರ್ಟಿನಲ್ಲಿ ನಿಲ್ಲಲಿಕ್ಕೆ, ಪರಿಹಾರ ಕೇಳಲಿಕ್ಕೆ ಅದು ಬೇಕೇ ಬೇಕು.

ನಾವಿರುವ ಡೆನ್ನಿ ಟ್ರಯಾಂಗಲ್ ಒಂದು ಕಾಲದಲ್ಲಿ ಗುಡ್ಡ ಆಗಿತ್ತು. ನೂರು ವರ್ಷದ ಹಿಂದೆ ನಗರದವರು ಆ ಗುಡ್ಡವನ್ನು ಅಗೆದು ಮಣ್ಣನ್ನು ಸಮುದ್ರಕ್ಕೆ ಹಾಕಿದರು. ಒಪ್ಪದ ಕೆಲವು ಮಾಲೀಕರ ಜಾಗ ಮಾತ್ರ ಸುತ್ತ ಮಣ್ಣು ಹೋದರೂ ಕಂಬದ ಹಾಗೆ ಎತ್ತರದಲ್ಲಿ ಉಳಿದಿತ್ತು, ಮೇಲೆ ಮನೆ. ಹಳೆಯ ಫೋಟೋಗಳಲ್ಲಿ ಈಗಲೂ ನೋಡಬಹುದು. ಹಕ್ಕುಪತ್ರ ಇದ್ದವನಿಗೆ ಅಷ್ಟು ದಿನವಾದರೂ ಸಿಕ್ಕಿತು. ತರಕಾರಿ ಕಟ್ಟೆಯವನಿಗೆ ಅದೂ ಸಿಗಲಿಲ್ಲ.

ನಮ್ಮ ಮನೆಯದ್ದೇ ಹೇಳುತ್ತೇವೆ, ಊರಿನ ಹೆಸರು ಬೇಡ. ನಮ್ಮ ಬಾಪ ಒಂದು ಸಂತೆ ಮಾರ್ಕೆಟಿನಲ್ಲಿ ಮೂವತ್ತು ವರ್ಷ ಕೂತವರು. ದಿನವೂ ಸುಂಕ ಕೊಟ್ಟಿದ್ದಾರೆ, ಚೀಟಿಯನ್ನು ಬೀಡಿ ಹಚ್ಚಲಿಕ್ಕೆ ಉಪಯೋಗಿಸಿದ್ದಾರೆ. ಮಾರ್ಕೆಟ್ ಹೊಸದಾಗಿ ಕಟ್ಟುವಾಗ ಹಳಬರ ಪಟ್ಟಿ ಮಾಡಿದರು. ನಮ್ಮ ಕಟ್ಟೆಯ ಎದುರು ಬೇರೆಯವರ ಹೆಸರು ಬಂತು. ನೋಡಿದರೆ ಬಾಪನಿಗೆ ಆ ಜಾಗ ಬಿಟ್ಟುಕೊಟ್ಟ ಹಿರಿಯರ ಹೆಸರು. ಅವರು ತೀರಿಹೋಗಿ ಇಪ್ಪತ್ತು ವರ್ಷ. ಪಗಡಿ ಕೊಟ್ಟದ್ದಕ್ಕೆ ಕಾಗದ ಇಲ್ಲ. "ಆಗ ಕಾಗದ ಕೇಳಿದರೆ ಅವರಿಗೆ ಬೇಸರ ಆಗುತ್ತಿತ್ತು" ಅಂದರು ಬಾಪ. ಜಾಗ ಹೋಯಿತು. ಯಾರೂ ಮೋಸ ಮಾಡಲಿಲ್ಲ, ಅದೇ ಬೇಸರ.

ಸಾಲ ಬರೆದಿಡುವ ಬಗ್ಗೆ ಇರುವ ಸೂರ ಅಲ್ ಬಕರದ 282ನೆಯದು ಇಡೀ ಕುರ್‌ಆನಿನಲ್ಲೇ ಅತಿ ಉದ್ದದ ಆಯತ್. ಮದ್ರಸದಲ್ಲಿ ಓದಿದ ನಾವೇ ಬರೆದುಕೊಡಿ ಅಂತ ಕೇಳುವುದನ್ನು ಅವಮಾನ ಅಂತ ಯಾವಾಗಿನಿಂದ ತಿಳಿದೆವೋ ಗೊತ್ತಿಲ್ಲ.

ರಸ್ತೆ ಬದಿಯ ವ್ಯಾಪಾರಿಗಳಿಗೆ 2014ರ ಕಾನೂನು ಇದೆ. ಸಮೀಕ್ಷೆ ಆಗಬೇಕು, ಮಾರಾಟ ಪ್ರಮಾಣಪತ್ರ ಕೊಡಬೇಕು, ಸಮೀಕ್ಷೆ ಮುಗಿದು ಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ, ಪತ್ರ ಇದ್ದವರನ್ನು ಸ್ಥಳಾಂತರ ಮಾಡಲು 30 ದಿನದ ನೋಟೀಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ಪತ್ರ ಇದ್ದವನು ತೀರಿಹೋದರೆ ಅಥವಾ ಕಾಯಿಲೆ ಬಿದ್ದರೆ ಅದರ ಅವಧಿ ಮುಗಿಯುವವರೆಗೆ ಹೆಂಡತಿ ಅಥವಾ ಅವಲಂಬಿತ ಮಕ್ಕಳು ಮಾರಬಹುದು. ಕಾರ್ಪೊರೇಶನ್ ಕಟ್ಟಡದ ಒಳಗಿನ ಅಂಗಡಿಗೆ ಇದು ಅಲ್ಲ, ಅದಕ್ಕೆ ಲೈಸೆನ್ಸಿನ ಕರಾರು ಬೇರೆ. ಎರಡನ್ನೂ ಬೆರೆಸಬೇಡಿ, ಬೆರೆಸಿ ಅರ್ಜಿ ಹಾಕಿ ತಿರಸ್ಕಾರ ಆದವರಿದ್ದಾರೆ.

ಇದೇ ಕಾನೂನಿನಲ್ಲಿ ನಮಗೆ ಕಹಿಯಾದ ಒಂದು ಮಾತು ಇದೆ. ಪ್ರಮಾಣಪತ್ರವನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಮಗ ದಮಾಮಿಗೆ, ಶಾರ್ಜಾಕ್ಕೆ ಹೋದ ಮೇಲೆ ಬಾಪನ ಗೂಡಂಗಡಿ ದಿನಬಾಡಿಗೆಗೆ ಹೋಗಿದೆ? ಹಾವೇರಿ ಕಡೆಯವರೋ ಬಿಹಾರದವರೋ ಅಲ್ಲಿ ಕೂತಿದ್ದಾರೆ. ತಿಂಗಳ ದುಡ್ಡು ಉಮ್ಮನ ಕೈಗೆ ಬರುತ್ತದೆ. ಸಮೀಕ್ಷೆಯವರು ಬಂದಾಗ ಅವರಿಗೆ ಹೇಳಿಕೊಡುವುದು, "ನಮ್ಮ ಮನೆಯ ಕೆಲಸದವ ಅಂತ ಹೇಳು". ಸ್ವಂತ ವ್ಯಾಪಾರದಲ್ಲಿ ಕಾಗದದ ಮೇಲೆ ಕೂಲಿಯಾಳು! ಬೆಲ್‌ವ್ಯೂ ಗದ್ದೆಯಲ್ಲಿ ಆದದ್ದು ಇದೇ, ಗಲ್ಫಿನ ಗ್ರೋಸರಿಯಲ್ಲಿ ನಮಗೆ ಆದದ್ದು ಇದೇ. ಈಗ ಅರಬಿಯ ಜಾಗದಲ್ಲಿ ನಾವು.

ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಊರಿಗೆ ಹೋಗಿ ಆ ಕಟ್ಟೆಯಲ್ಲಿ ಕೂರುವ ಮನಸ್ಸು ನಿಜವಾಗಿ ಇದ್ದರೆ ಈಗಲೇ ಬಾಪನ ಹೆಸರಿನ ಕಾಗದವನ್ನು ಉಮ್ಮನ ಅಥವಾ ಊರಲ್ಲೇ ಇದ್ದು ಕೂರುವ ತಮ್ಮನ ಹೆಸರಿಗೆ ಕ್ರಮದಲ್ಲಿ ಮಾಡಿಸಲು ಕೇಳಿ, ಸುಂಕದ ಚೀಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಇಡಿ. ಮನಸ್ಸು ಇಲ್ಲದಿದ್ದರೆ ಅಲ್ಲಿ ಕೂತವನ ಹೆಸರು ಪಟ್ಟಿಗೆ ಬರಲು ಬಿಡಿ. ಎರಡೂ ಮಾಡದೆ ಬಾಡಿಗೆ ಎಣಿಸುತ್ತ ಕೂತರೆ ಒಂದು ದಿನ ಜೆಸಿಬಿ ಬಂದಾಗ ಇಬ್ಬರಿಗೂ ಇಲ್ಲ. ನಮ್ಮ ಸಂಘದವರು ವಿದ್ಯಾರ್ಥಿವೇತನಕ್ಕೆ, ಮದುವೆಗೆ, ಮಯ್ಯಿತ್ ಕಳಿಸಲು ದುಡ್ಡು ಎತ್ತುತ್ತಾರೆ, ಒಳ್ಳೆಯದೇ. ಊರಿನಲ್ಲಿ ಒಬ್ಬ ಹುಡುಗನನ್ನು ಮೂರು ತಿಂಗಳು ಇಟ್ಟು, ಮಾರ್ಕೆಟ್ ಮಾರ್ಕೆಟ್ ಸುತ್ತಿ ನಮ್ಮವರ ಚೀಟಿ, ಕರಾರು, ಬ್ಯಾಂಕ್ ಪುಸ್ತಕ ಫೈಲ್ ಮಾಡಿಸಲು ಎಷ್ಟು ಖರ್ಚಾದೀತು? ಲೆಕ್ಕ ನಾವು ಹಾಕಿಕೊಡುತ್ತೇವೆ, ಫೀಸ್ ಬೇಡ.

ಕಳೆದ ವಾರ ಉಮ್ಮನಿಗೆ ಫೋನ್ ಮಾಡಿ ಬಾಪನ ತಗಡಿನ ಪೆಟ್ಟಿಗೆ ತೆಗೆಸಿದೆವು. ಅದರಲ್ಲಿ ಒಂದು ರೇಷನ್ ಕಾರ್ಡ್, ನಮ್ಮ ಬಿ.ಕಾಂ. ಮಾರ್ಕ್‌ಶೀಟಿನ ಜೆರಾಕ್ಸ್, ಏಳು ಸುಂಕದ ಚೀಟಿ ಇತ್ತು. ಏಳೇ ಏಳು. ಒಂದರಲ್ಲಿ ಮಾತ್ರ ತಾರೀಕು ಓದಲಿಕ್ಕಾಗುತ್ತದೆ ಅಂದರು ಉಮ್ಮ.