ನಮ್ಮ ಗುಡ್ಡಗಳ ಕುರುಚಲು ಕಾಡು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬಂಡೆಗುಡ್ಡಗಳನ್ನು ಕಂಡವರು ‘ಇಲ್ಲಿ ಕಾಡೆಲ್ಲಿಯದು?’ ಎಂದು ಕೇಳುವದುಂಟು. ಕಲ್ಲಿನ ಸಂದುಗಳಲ್ಲಿ ಬೆಳೆದ ಬೇವು, ಕಕ್ಕೆ, ಕಾರೆ, ಬಾರಿ, ತುಗ್ಗಲಿಗಳನ್ನು ಅವರು ಕಾಡೆಂದು ಎಣಿಸರು. ಆದರೆ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ನಾಡಿಗೆ ಒಪ್ಪುವ ಕಾಡು ಇದೇ ಎಂಬದನ್ನು ನಾವು ಮೊದಲು ಮನಗಾಣತಕ್ಕದ್ದು.

ಹವಾಮಾನವು ಬದಲಾಗುತ್ತಿರುವ ಈ ಕಾಲದಲ್ಲಿ ಇದರ ಬೆಲೆ ಇಮ್ಮಡಿಯಾಗಿದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ಒಮ್ಮೆ ಬರವೂ ಒಮ್ಮೆ ಬಿರುಮಳೆಯೂ ಬರುವಲ್ಲಿ, ಗುಡ್ಡದ ಮಣ್ಣನ್ನು ಹಿಡಿದು ನೀರನ್ನು ನೆಲಕ್ಕೆ ಇಂಗಿಸುವದು ಈ ಕುರುಚಲೇ.

ಹಾಗಾದರೆ ಏನು ಮಾಡತಕ್ಕದ್ದು? ಹುಲ್ಲನ್ನು ಕೆದರಿ, ಗುಂಡಿ ತೋಡಿ, ಒಂದೇ ಜಾತಿಯ ಸಸಿಗಳನ್ನು ಸಾಲಾಗಿ ನೆಡುವದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಂದೇ ಜಾತಿಯ, ಒಂದೇ ವಯಸ್ಸಿನ ಮರಗಳು ನಾಶವಾಗಲು ಒಂದು ರೋಗ, ಒಂದು ಬರ ಸಾಕು. ಯುರೋಪಿನ ಓಕ್ ವನಗಳನ್ನು ಕಾಯುವವರೂ ಈಗ ನಾನಾ ಜಾತಿಯ, ನಾನಾ ವಯಸ್ಸಿನ ಮರಗಳನ್ನು ಕೂಡಿಸಿ ಬೆಳೆಸಬೇಕೆನ್ನುತ್ತಾರೆ. ನಮ್ಮಲ್ಲಿಯಾದರೋ ಕಡಿದ ಬೊಡ್ಡೆಯ ಬೇರು ನೆಲದೊಳಗೆ ಜೀವ ಹಿಡಿದಿರುತ್ತದೆ. ಕೆಲವು ವರ್ಷ ಕೊಡಲಿ, ಕುರಿ, ಬೆಂಕಿಗಳನ್ನು ದೂರವಿಟ್ಟರೆ ಅದು ತಾನಾಗಿ ಚಿಗುರುವದು. ಎಳೆಯ ಸಸಿಗಿಂತ ಹಳೆಯ ಬೇರಿಗೆ ಬರವನ್ನು ತಾಳುವ ಶಕ್ತಿ ಅಧಿಕ.

‘ಕುರಿಗಾರರ ಗತಿಯೇನು? ಒಲೆಗೆ ಸೌದೆ ಎಲ್ಲಿಂದ?’ ಎಂದು ಕೇಳುವದು ನ್ಯಾಯವೇ. ಗುಡ್ಡವನ್ನೆಲ್ಲ ಒಮ್ಮೆಲೇ ಮುಚ್ಚದೆ, ಭಾಗಭಾಗವಾಗಿ ಸರದಿಯಿಂದ ಕಾದು, ಉಳಿದುದನ್ನು ಮೇವಿಗೆ ಬಿಡಬೇಕು. ಸೌದೆಗೆ ಬಳ್ಳಾರಿ ಜಾಲಿ ಉಂಟು. 19ನೆಯ ಶತಮಾನದಲ್ಲಿ ಪರದೇಶದಿಂದ ಬಂದ ಈ ಗಿಡದ ಕಾಯಿಯನ್ನು ಆಡುಕುರಿಗಳು ತಿಂದು ಬೀಜವನ್ನು ಎಲ್ಲೆಡೆ ಹರಡುತ್ತವೆ. ಬಡವರ ಒಲೆಗೆ ಅದು ಆಸರೆಯಾದುದರಿಂದ ಒಮ್ಮೆಲೇ ನಿರ್ಮೂಲ ಮಾಡಲಾಗದು. ಹಂತಹಂತವಾಗಿ ಬೇರುಸಹಿತ ಕಿತ್ತು, ಆ ಸ್ಥಳದಲ್ಲಿ ಬೇವು, ಕಮರ ಮೊದಲಾದವುಗಳ ಬೀಜ ಬಿತ್ತಬೇಕು. ಬರಿದೆ ಕಡಿದರೆ ಜಾಲಿಯೇ ಮತ್ತೆ ಚಿಗುರುವದು.

ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಎಕರೆ ಕುರುಚಲು ನೆಲವನ್ನು ತೋಳಗಳ ಅಭಯಧಾಮವಾಗಿ ಕಾಯಲಾಗುತ್ತಿದೆ. ಪಾಳುಬಯಲೆಂದು ಜನರು ತಿರಸ್ಕರಿಸುವ ನೆಲಕ್ಕೂ ಬೆಲೆಯುಂಟೆಂಬದಕ್ಕೆ ಇದು ಸಾಕ್ಷಿ.

ಈ ಶಾಲೆಯಲ್ಲಿ ಕಲಿತು ಇಂದು ತಾಯಂದಿರೂ ಉಪಾಧ್ಯಾಯಿನಿಯರೂ ಪಂಚಾಯತಿಯ ಸದಸ್ಯೆಯರೂ ಆಗಿರುವ ಸಹೋದರಿಯರೇ, ಪಾಲಕರೇ, ಬರುವ ಗ್ರಾಮಸಭೆಯಲ್ಲಿ ‘ಎಷ್ಟು ಸಸಿ ನೆಟ್ಟಿರಿ?’ ಎಂದು ಕೇಳಿ ಸುಮ್ಮನಾಗಬೇಡಿರಿ. ‘ನಮ್ಮ ಗುಡ್ಡದಲ್ಲಿ ಎಷ್ಟು ಬೊಡ್ಡೆ ಚಿಗುರಿದುವು? ಅವನ್ನು ಕಾಯುವವರು ಯಾರು?’ ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ದೊರೆತ ಊರಿನಲ್ಲಿ ನಮ್ಮ ಮೊಮ್ಮಕ್ಕಳಿಗೆ ನೆರಳೂ ನೀರೂ ಉಳಿದಾವು.