ಸ್ಲೈಡಿನಲ್ಲಿ ಕನ್ನಡ ಒಡೆದರೆ ಏನು ಕೇಳಬೇಕು?

ಗಡಿನಾಡಿನ ಗೆಳೆಯರೇ,

ಕನ್ನಡ ಶಾಲೆಯ ಪೋಷಕರ ಸಭೆ ಇರಲಿ, ಕಾಲೇಜಿನ ಸೆಮಿನಾರ್ ಇರಲಿ, ಈಗ ಮಾತಿನ ಜೊತೆಗೆ ಸ್ಲೈಡ್ ಬೇಕೇ ಬೇಕು. ಅದರಲ್ಲಿ ಕನ್ನಡ ಒಡೆದು ಕಂಡರೆ ನಾವು ಮಾಡೋದು ಎರಡೇ ಕೆಲಸ. ಒಂದೋ ಅಕ್ಷರವನ್ನು ಫೋಟೋ ಮಾಡಿ ಅಂಟಿಸ್ತೇವೆ, ಇಲ್ಲವೋ ಇಂಗ್ಲಿಷಿಗೆ ಹೋಗ್ತೇವೆ. ಫೋಟೋ ಆದ ಕನ್ನಡವನ್ನು ಹುಡುಕೋಕೂ ಆಗಲ್ಲ, ತಿದ್ದೋಕೂ ಆಗಲ್ಲ. ಇಂಗ್ಲಿಷಿಗೆ ಹೋದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಗೆ ವಿಷಯ ಮುಟ್ಟಲ್ಲ. ಮೂರನೇ ದಾರಿಯೊಂದಿದೆ: ತಂತ್ರಾಂಶ ಮಾಡುವವರನ್ನೇ ಕೇಳೋದು. ಓಪನ್ ಸೋರ್ಸ್ ತಂತ್ರಾಂಶದಲ್ಲಿ ಹಾಗೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಏನು ಕೇಳಬೇಕು ಅನ್ನೋದು ಮಾತ್ರ ಗೊತ್ತಿರಬೇಕು.

ಎರಡು ತಂತ್ರಾಂಶಗಳನ್ನು ಉದಾಹರಣೆಗೆ ತಗೊಳ್ಳೋಣ. ಒಂದು ರಿವೀಲ್.ಜೆಎಸ್. ಹಕೀಮ್ ಎಲ್ ಹತ್ತಾಬ್ ಎಂಬ ಸ್ವೀಡನ್ನಿನ ಡೆವಲಪರ್ 2011ರಲ್ಲಿ ಶುರುಮಾಡಿದ್ದು. ಸ್ಲೈಡುಗಳು ಬ್ರೌಸರಿನಲ್ಲೇ ಓಡುತ್ತವೆ. ಇನ್ನೊಂದು ಪ್ಯಾಂಡಾಕ್. ಜಾನ್ ಮ್ಯಾಕ್‌ಫಾರ್ಲೇನ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರು 2006ರಲ್ಲಿ ಹೊರತಂದದ್ದು. ಸಾದಾ ಪಠ್ಯ ಬರೆದುಕೊಟ್ಟರೆ ವೆಬ್ ಸ್ಲೈಡ್, ಪಿಡಿಎಫ್, ಪವರ್‌ಪಾಯಿಂಟ್ ಮೂರನ್ನೂ ಮಾಡಿಕೊಡುತ್ತೆ. ಎರಡೂ ಉಚಿತ, ಎರಡಕ್ಕೂ ಸೆಟ್ಟಿಂಗುಗಳ ಉದ್ದನೆಯ ಪಟ್ಟಿ ಇದೆ.

ರಿವೀಲ್‌ನ ಪಟ್ಟಿಯಲ್ಲಿ 'ಆರ್‌ಟಿಎಲ್' ಅಂತ ಒಂದು ಸಾಲಿದೆ. ಅರಬ್ಬಿ, ಹೀಬ್ರೂ, ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವವರು ಅದನ್ನು ಆನ್ ಮಾಡಿದರೆ ಸ್ಲೈಡಿನ ದಿಕ್ಕೇ ತಿರುಗುತ್ತೆ. ಮಿಕ್ಕವರಿಗೆ ಅದು ಆಫ್ ಆಗಿಯೇ ಇರುತ್ತೆ, ಯಾರಿಗೂ ತೊಂದರೆ ಇಲ್ಲ. ಒಳ್ಳೆಯ ಆಯ್ಕೆ ಅಂದರೆ ಇದು. ಒಂದೇ ಭಾಷೆಯ ಹೆಸರು ಹಿಡಿಯದೆ, ಒಂದೇ ಕಷ್ಟ ಇರುವ ಎಲ್ಲ ಭಾಷೆಗಳಿಗೂ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತೆ.

ಕೇಳುವ ಮೊದಲು ಇರುವುದನ್ನು ಓದಬೇಕು. ಸ್ಲೈಡಿನ ಸಂಖ್ಯೆ ೩/೧೨ ಅಂತ ಕನ್ನಡ ಅಂಕಿಯಲ್ಲಿ ಬರಬೇಕಾ? ಹೊಸ ಆಯ್ಕೆ ಬೇಕಾಗಿಲ್ಲ. ರಿವೀಲ್‌ನಲ್ಲಿ ಸ್ಲೈಡ್ ಸಂಖ್ಯೆಯ ಸೆಟ್ಟಿಂಗಿಗೆ ನಮ್ಮದೇ ಪುಟ್ಟ ಫಂಕ್ಷನ್ ಬರೆದು ಕೊಡಬಹುದು. ಅಂಕಿಯನ್ನು ಹೇಗೆ ತೋರಿಸಬೇಕು ಅಂತ ಅದೇ ಹೇಳುತ್ತೆ. ಇಂಥ ಬಾಗಿಲು ತೆರೆದೇ ಇರುವಾಗ ಗೋಡೆ ಒಡೆಯೋದು ಬೇಡ.

ಇನ್ನು ಕೆಲವನ್ನು ಆಯ್ಕೆಯಾಗಿ ಕೇಳಲೇಬಾರದು. 'ಸ್ವಾತಂತ್ರ್ಯ' ಅಂತ ಬರೆದಾಗ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ಬಡಿದರೆ, 'ರಾಜ್‌ಕುಮಾರ್' ಎಂಬಲ್ಲಿ ಕಕಾರ ಹೋಗಿ ಒತ್ತಾಗಿ ಕೂತರೆ, ಅದು ದೋಷ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ತಕ್ಕಂತೆ ಸಾಲುಗಳ ಅಂತರ ಇಟ್ಟರೆ ಕನ್ನಡಕ್ಕೆ ಜಾಗ ಸಾಲದು. ಇಂಥದ್ದಕ್ಕೆ 'ಕನ್ನಡ ಸರಿಯಾಗಿ ಕಾಣಲಿ: ಹೌದು/ಇಲ್ಲ' ಅಂತ ಗುಂಡಿ ಕೇಳಿದರೆ, ಕನ್ನಡ ತಪ್ಪಾಗಿ ಕಾಣೋದೇ ಸಹಜ ಅಂತ ನಾವೇ ಒಪ್ಪಿಕೊಂಡ ಹಾಗೆ. ಅಲ್ಲಿ ಹೇಳಬೇಕಾದ್ದು ಒಂದೇ ಮಾತು: ಇದನ್ನು ಸರಿಪಡಿಸಿ.

ಹಾಗಾದರೆ ನಾವು ಕೇಳಬೇಕಾದ ಆಯ್ಕೆ ಯಾವುದು? ಭಾಷೆಗೊಂದು ಫಾಂಟ್. ಇದರ ಬೆಲೆ ನಮ್ಮಷ್ಟು ಬೇರೆಯವರಿಗೆ ಗೊತ್ತಾಗೋದು ಕಷ್ಟ. ಕಾಸರಗೋಡಿನ ಸ್ಲೈಡಿನಲ್ಲಿ ಕನ್ನಡದ ಪಕ್ಕ ಮಲಯಾಳ ಇರುತ್ತೆ. ತಾಳವಾಡಿಯಲ್ಲಿ ತಮಿಳು, ಜತ್ತ-ಅಕ್ಕಲಕೋಟೆಯಲ್ಲಿ ಮರಾಠಿ, ಆದೋನಿ-ಮಡಕಶಿರಾದಲ್ಲಿ ತೆಲುಗು. ಕನ್ನಡ, ತೆಲುಗು ಲಿಪಿ ಕಣ್ಣಿಗೆ ಅಕ್ಕತಂಗಿಯರಂತೆ ಕಂಡರೂ ಯೂನಿಕೋಡಿನಲ್ಲಿ ಅವುಗಳ ಮನೆ ಬೇರೆ ಬೇರೆ. ಒಂದರ ಅಕ್ಷರ ಮಾತ್ರ ಇರುವ ಫಾಂಟು ಇನ್ನೊಂದನ್ನು ತೋರಿಸಲ್ಲ. ಆಗ ಬ್ರೌಸರು ಆ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಫಾಂಟಿನಿಂದ ತುಂಬಿಸುತ್ತೆ. ಮನೆಯ ಲ್ಯಾಪ್‌ಟಾಪಿನಲ್ಲಿ ಚಂದ ಇದ್ದದ್ದು ಸಭಾಂಗಣದ ಪ್ರೊಜೆಕ್ಟರಿನಲ್ಲಿ ಒಂದು ಭಾಷೆ ದಪ್ಪ, ಇನ್ನೊಂದು ಸಣಕಲು.

ಇದು ಆಗದ ಕೆಲಸವೇನಲ್ಲ. ಲೇಟೆಕ್ ಮೂಲಕ ಪಿಡಿಎಫ್ ಮಾಡುವವರಿಗೆ ಪ್ಯಾಂಡಾಕ್ ಈಗಾಗಲೇ ಇಂಥ ಸೆಟ್ಟಿಂಗ್ ಕೊಟ್ಟಿದೆ. 'ಬೇಬಲ್‌ಫಾಂಟ್ಸ್' ಅಂತ ಹೆಸರು. ಯಾವ ಭಾಷೆಗೆ ಯಾವ ಫಾಂಟು ಅಂತ ಪಟ್ಟಿ ಬರೆದರೆ ಸಾಕು. ಅದರ ಕೈಪಿಡಿಯಲ್ಲಿ ಕೊಟ್ಟ ಉದಾಹರಣೆ ಚೀನೀ ಮತ್ತು ರಷ್ಯನ್ ಭಾಷೆಯದ್ದು. ಆದರೆ ಆ ಸಾಲು ಕನ್ನಡ-ಮಲಯಾಳಕ್ಕೂ ದುಡಿಯಬಲ್ಲದು. ರಿವೀಲ್‌ನ ಸೆಟ್ಟಿಂಗ್ ಪಟ್ಟಿಯಲ್ಲಿ ಇಂಥ ಸಾಲಿಲ್ಲ. ಸಿಎಸ್‌ಎಸ್ ಬಲ್ಲವರು ನಾಲ್ಕು ಸಾಲು ಬರೆದು ದಾಟಿಕೊಳ್ತಾರೆ. ಬಾರದ ಕನ್ನಡ ಮೇಷ್ಟ್ರು ಏನು ಮಾಡಬೇಕು? ಸೆಟ್ಟಿಂಗ್ ಇರೋದೇ ಕೋಡ್ ಬಾರದವರಿಗಾಗಿ.

ಆಕ್ಷೇಪ ಬಂದೇ ಬರುತ್ತೆ. 'ಕೇಳಿದವರಿಗೆಲ್ಲ ಆಯ್ಕೆ ಕೊಡ್ತಾ ಹೋದರೆ ತಂತ್ರಾಂಶ ನಿಭಾಯಿಸೋರು ಯಾರು?' ಈ ಮಾತಿನಲ್ಲಿ ಸತ್ಯ ಇದೆ. ಹೌದು/ಇಲ್ಲ ಎಂಬ ಹತ್ತು ಆಯ್ಕೆ ಸೇರಿದರೆ 1024 ಬಗೆಯ ಜೋಡಣೆ ಆಗುತ್ತೆ; ಎಲ್ಲವನ್ನೂ ಪರೀಕ್ಷಿಸುವ ಹೊರೆ, ಬಹಳ ಸಲ ಸಂಬಳವಿಲ್ಲದೆ ದುಡಿಯುವ ಒಂದಿಬ್ಬರ ಮೇಲೆ. ಅದಕ್ಕೇ 'ಕನ್ನಡಕ್ಕೆ ಬೇರೆ ಆವೃತ್ತಿ ಮಾಡೋಣ' ಅನ್ನೋ ಉತ್ಸಾಹವೂ ನಮಗೆ ಬೇಡ. ಬೇರೆ ಮಾಡಿದ ದಿನ ಚಪ್ಪಾಳೆ ಬೀಳುತ್ತೆ, ಮೂಲದ್ದು ಮುಂದೆ ಹೋದಂತೆ ನಮ್ಮದು ಹಿಂದುಳಿದು ತುಕ್ಕು ಹಿಡಿಯುತ್ತೆ. ಮೂಲದಲ್ಲೇ ಒಂದು ಸಾಲು ಸೇರಿದರೆ ಎಲ್ಲರ ಜೊತೆ ಅದೂ ಬೆಳೆಯುತ್ತೆ.

ಆದ್ದರಿಂದ ಕೇಳುವಾಗ ಹೀಗೆ ಕೇಳೋಣ.

ಒಂದು: ಏನು ಬರೆದೆವು, ಏನು ಕಂಡಿತು, ಏನು ಕಾಣಬೇಕಿತ್ತು, ಈ ಮೂರನ್ನೂ ಚಿತ್ರ ಸಮೇತ ಕೊಡೋಣ. ಎದುರಿನವರಿಗೆ ಕನ್ನಡ ಓದೋಕೆ ಬರಲ್ಲ ಅನ್ನೋದು ನೆನಪಿರಲಿ.

ಎರಡು: ಅಳತೆ ಎಲ್ಲರಿಗೂ ಹೊಂದಲಿ. 'ಕನ್ನಡಕ್ಕೆ ಫಾಂಟ್' ಅನ್ನೋದಕ್ಕಿಂತ 'ಪ್ರತಿ ಭಾಷೆಗೂ ಫಾಂಟ್' ಅನ್ನೋಣ. ಪಕ್ಕದ ಮಲಯಾಳಿ, ತೆಲುಗು ಗೆಳೆಯರೂ ದನಿಗೂಡಿಸ್ತಾರೆ.

ಮೂರು: ಆಯ್ಕೆ ಮುಟ್ಟದವರ ಹಳೇ ಸ್ಲೈಡ್ ಹಾಗೇ ಉಳಿಯಬೇಕು. ಇದನ್ನು ನಾವೇ ಮೊದಲು ಹೇಳಿದರೆ ಅರ್ಧ ವಾದ ಮುಗಿದಂತೆ.

ನಾಲ್ಕು: ಕೋಡ್ ಬರದಿದ್ದರೆ ಪರೀಕ್ಷೆ ಮಾಡುವ ಹೊಣೆ ಹೊರೋಣ. ಎರಡು ಲಿಪಿಯ ಹತ್ತು ಮಾದರಿ ಸ್ಲೈಡ್ ಕೊಡೋದೂ ಕೊಡುಗೆಯೇ. ಇಂಗ್ಲಿಷ್ ಹರುಕುಮುರುಕಾದರೂ ನಡೆಯುತ್ತೆ, ಚಿತ್ರ ಮಾತಾಡುತ್ತೆ.

ಈ ಕೆಲಸಕ್ಕೆ ದೊಡ್ಡ ಊರಿನವರೇ ಬೇಕು ಅಂತೇನಿಲ್ಲ. ಎರಡು ಲಿಪಿ ಒಂದೇ ಪರದೆಯ ಮೇಲೆ ಹೇಗೆ ಜಗಳವಾಡುತ್ತವೆ ಅಂತ ನೋಡೋಕೆ ಎರಡೂ ಓದಲು ಬರುವ ಕಣ್ಣು ಬೇಕು. ಆ ಕಣ್ಣು ನಮಗೆ ಹುಟ್ಟಿದ ಊರಿನಿಂದಲೇ ಬಂದಿದೆ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ತಾಲೂಕಿನ ಎರಡೂ ಭಾಷೆಯಲ್ಲಿ ಒಂದು ಸ್ಲೈಡ್ ಮಾಡಿ, ಎಲ್ಲಿ ಒಡೆಯುತ್ತೆ ಬರೆದಿಡಿ. ದೋಷ ಯಾವುದು, ಆಯ್ಕೆ ಯಾವುದು ಅಂತ ಬೇರ್ಪಡಿಸಿ ಕಳಿಸೋದನ್ನು ಎಲ್ಲರೂ ಸೇರಿ ಮಾಡೋಣ.