ಖರಾಬು ಎಂದು ಬರೆದ ನೆಲ

2030ರೊಳಗೆ ಜಗತ್ತಿನ ನೆಲದಲ್ಲಿ ಶೇ. 30, ಕಡಲಿನಲ್ಲಿ ಶೇ. 30 ಭಾಗವನ್ನು ಪ್ರಕೃತಿಗಾಗಿ ಕಾಯ್ದಿಡಬೇಕೆಂದು 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸೇರಿದ ರಾಷ್ಟ್ರಗಳು ಒಪ್ಪಿಕೊಂಡವು. ಭಾರತವೂ ಒಪ್ಪಿದೆ. 2024ರಲ್ಲಿ ಹೊರಬಂದ ವಿಶ್ವಸಂಸ್ಥೆಯ ವರದಿಯಂತೆ ನೆಲದಲ್ಲಿ ಶೇ. 17.6, ಕಡಲಿನಲ್ಲಿ ಶೇ. 8.4 ಭಾಗ ಮಾತ್ರ ಈ ಲೆಕ್ಕಕ್ಕೆ ಬಂದಿದೆ. ನಮ್ಮ ದೇಶದ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೆಲ್ಲ ಸೇರಿದರೂ ದೇಶದ ನೆಲದ ಸುಮಾರು ಶೇ. 5 ಮಾತ್ರ.

ಸರ್ಕಾರಿ ಎಂಜಿನಿಯರನಾಗಿ ವರ್ಷಗಟ್ಟಲೆ ಅಳತೆ ಪುಸ್ತಕ ಬರೆದವನು ನಾನು. ಕೆಲಸ ಎಷ್ಟಾಯಿತು ಎಂಬುದರ ಜೊತೆಗೆ ಹೇಗಾಯಿತು ಎಂಬುದನ್ನೂ ನೋಡದೆ ಬಿಲ್ಲಿಗೆ ಸಹಿ ಹಾಕುವಂತಿಲ್ಲ. ಶೇಕಡಾ ಲೆಕ್ಕ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಸಂರಕ್ಷಿತ ಎಂದು ನಕ್ಷೆಯಲ್ಲಿ ಬಣ್ಣ ಬಳಿದ ಎಷ್ಟೋ ಕಡಲ ಪ್ರದೇಶಗಳಲ್ಲಿ ಟ್ರಾಲರ್ ಬೋಟುಗಳು ಇಂದಿಗೂ ತಳ ಗೋರಿ ಮೀನು ಹಿಡಿಯುತ್ತಿವೆ. ನೆಲದ ಮೇಲೂ ಅಷ್ಟೇ. ಬೇಸಾಯಕ್ಕೆ ಬಾರದ ಕಡಿದಾದ ಬೆಟ್ಟ, ಹಿಮ, ಮರುಭೂಮಿಗಳನ್ನು ಕಾಯ್ದಿಡುವುದು ಸುಲಭ, ಯಾರೂ ಕೇಳುವುದಿಲ್ಲ. ಜನ ಬದುಕುವ ಬಯಲುಸೀಮೆಯನ್ನು ಉಳಿಸುವುದು ಕಷ್ಟ.

ನಮ್ಮ ರಾಜ್ಯವನ್ನೇ ನೋಡಿ. ಬಂಡೀಪುರ, ನಾಗರಹೊಳೆ, ಕುದುರೆಮುಖ, ಕಾಳಿ ಎಂದು ದೊಡ್ಡ ಕಾಡುಗಳೆಲ್ಲ ಘಟ್ಟದ ಕಡೆಗಿವೆ. ಚಿತ್ರದುರ್ಗದ ಜೋಗಿಮಟ್ಟಿ ಅಭಯಾರಣ್ಯವಾದದ್ದು 2015ರಲ್ಲಿ. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ಎಂಟು ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಜಿಲ್ಲೆಯಲ್ಲಿ ಇದು ಶೇ. 1ರ ಆಸುಪಾಸು. ನೆರೆಯ ಜಗಳೂರಿನಲ್ಲಿ ಕೊಂಡುಕುರಿಗಾಗಿ ರಂಗಯ್ಯನದುರ್ಗ (2011), ಶಿರಾ ಸೀಮೆಯಲ್ಲಿ ಚಿಂಕಾರಕ್ಕಾಗಿ ಬುಕ್ಕಾಪಟ್ಟಣ (2019) ಅಭಯಾರಣ್ಯಗಳಾಗಿವೆ. ಒಳ್ಳೆಯದೇ, ಆದರೆ ಸಾಲದು.

ಸಾಲದೆ ಹೋಗಲು ಕಾರಣ ನಮ್ಮ ಕಂದಾಯ ದಾಖಲೆಯ ಭಾಷೆಯಲ್ಲಿದೆ. ಕುರುಚಲು ಕಾಡು, ಹುಲ್ಲುಗಾವಲು, ಕಲ್ಲುಗುಡ್ಡಗಳನ್ನು ಅದು ಬೀಳು, ಖರಾಬು ಎಂದು ಕರೆಯುತ್ತದೆ. ಯಾವುದೇ ಯೋಜನೆಗೆ ಜಾಗ ಬೇಕಾದಾಗ ಮೊದಲು ಬೆರಳಿಡುವುದು ಅಲ್ಲಿಗೇ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅಲ್ಲಿ ಕುರಿ, ದನ ಮೇಯಿಸಿ ಬದುಕುತ್ತಿದ್ದವರ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆ ಹುಲ್ಲಿಗೂ ಬೆಲೆಯಿದೆ ಎಂದು ಲೆಕ್ಕ ಹಾಕಿದವರು ಯಾರು?

ಆ ಬೆಲೆ ನೀರಿನಲ್ಲಿದೆ. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದರಲ್ಲೂ ಭದ್ರೆಯ ನೀರಿನ ಪಾಲಿದೆ. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಗುಡ್ಡದ ಮೇಲಿನ ಹುಲ್ಲು, ಮುಳ್ಳುಕಂಟಿಗಳೇ ನೀರಿನ ಓಟವನ್ನು ತಡೆದು ನೆಲಕ್ಕೆ ಇಂಗಿಸುತ್ತವೆ, ಕೆರೆಗೆ ಹೂಳು ಬಾರದಂತೆ ನೋಡಿಕೊಳ್ಳುತ್ತವೆ. ಚಿಕ್ಕಜಾಜೂರು, ಹೊಳಲ್ಕೆರೆ ಸುತ್ತ ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ಅಡಿಕೆ ತೋಟ ಉಳಿಸಿಕೊಂಡದ್ದನ್ನು ಎಲ್ಲರೂ ಕಂಡಿದ್ದೇವೆ. ಗುಡ್ಡ ಬೋಳಾದರೆ ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಸಿ ಏನು ಫಲ?

ಅಭಯಾರಣ್ಯವೆಂದರೆ ಬೇಲಿ ಹಾಕಿ ಬಡವರನ್ನು ಹೊರಗಟ್ಟುವುದು ಎಂಬ ಭಯ ಜನರಲ್ಲಿದೆ. ಆ ಭಯಕ್ಕೆ ಆಧಾರವಿಲ್ಲದಿಲ್ಲ. ಕುರಿಗಾಹಿಯ ದಾರಿ ಮುಚ್ಚಿ ಕಲ್ಲುಗಣಿಗೆ ದಾರಿ ಬಿಟ್ಟರೆ ಅದು ಸಂರಕ್ಷಣೆಯಲ್ಲ. ಆದರೆ ಬೇರೆ ದಾರಿಗಳೂ ಇವೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ ಜನರೇ ಮುಂದೆ ಬಂದು ಸಮುದಾಯ ಮೀಸಲು ಪ್ರದೇಶ ಮಾಡಿಕೊಳ್ಳಬಹುದು. ಅದೇ ವರ್ಷದ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎನ್ನುತ್ತದೆ. ಮಾಂಟ್ರಿಯಲ್ ಒಪ್ಪಂದವೂ ಸ್ಥಳೀಯರ ಹಕ್ಕನ್ನು ಗೌರವಿಸಿಯೇ ಶೇ. 30 ತಲುಪಬೇಕೆಂದು ಹೇಳಿದೆ.

ಆದ್ದರಿಂದ ಓದುಗರಲ್ಲಿ ಎರಡು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ಗೋಮಾಳ, ಕಾವಲು, ಗುಂಡುತೋಪುಗಳ ಸರ್ವೆ ನಂಬರು ಮತ್ತು ವಿಸ್ತೀರ್ಣ ಓದಿಸಿ. ಎಷ್ಟು ಉಳಿದಿದೆ, ಎಷ್ಟು ಒತ್ತುವರಿಯಾಗಿದೆ ಎಂದು ಬರೆಸಿ. ನಮ್ಮ ಮಠಗಳಿಗೂ ಜಮೀನಿದೆ, ಗುಡ್ಡದ ತಪ್ಪಲಿದೆ. ಅದರಲ್ಲಿ ಹತ್ತನೇ ಒಂದು ಪಾಲನ್ನಾದರೂ ಉಳದೆ, ಕಟ್ಟಡ ಕಟ್ಟದೆ, ನೀಲಗಿರಿ ನೆಡದೆ ಬಿಟ್ಟರೆ ಭಕ್ತರೂ ಅದನ್ನು ಅನುಸರಿಸುತ್ತಾರೆ. ಹಸಿದವನಿಗೆ ಅನ್ನವಿಕ್ಕುವುದು ದಾಸೋಹವಾದರೆ, ಆ ಅನ್ನಕ್ಕೆ ನೀರು ಕೊಡುವ ಗುಡ್ಡವನ್ನು ಉಳಿಸುವುದೂ ದಾಸೋಹವೇ.